ಕಾಫಿ ಲೋಟದಲ್ಲಿ ಏನಿದೆ?



ಬೆಳಗಾಗೆದ್ದು ಒಲೆ ಹೊತ್ತಿಸಿದ ಕೂಡಲೆ ಕಾಫಿಗೆ ನೀರಿಡುವುದು ಇಂದು ಅನೇಕ ಮನೆಗಳ ರೂಢಿ. ನಂಟರು ಬಂದರೂ ಕಾಫಿ, ಕೆಲಸದವರಿಗೂ ಕಾಫಿ. ಇದರಿಂದ ನಮ್ಮ ಮೈಗೆ ಏನು ಸಿಗುತ್ತದೆ? ನಾವು ಕೊಟ್ಟ ದುಡ್ಡು ಯಾರ ಕೈ ಸೇರುತ್ತದೆ? ಈ ಎರಡು ಲೆಕ್ಕಗಳನ್ನು ನೋಡೋಣ.

ಮೊದಲು ಮೈಯ ಲೆಕ್ಕ. ಬರೀ ಡಿಕಾಕ್ಷನ್ನಿನಲ್ಲಿ ಆಹಾರದ ಸತ್ವ ಇಲ್ಲವೆಂದೇ ಹೇಳಬೇಕು. ಅದರಲ್ಲಿರುವ ಕೆಫೀನ್ ನಿದ್ದೆ, ದಣಿವುಗಳನ್ನು ಸ್ವಲ್ಪ ಹೊತ್ತು ದೂರವಿಡುತ್ತದೆ, ಅಷ್ಟೆ. ಪುಷ್ಟಿ ಬರುವುದು ನೀವು ಬೆರೆಸುವ ಹಾಲಿನಿಂದ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದೆ. ಲೋಟಕ್ಕೆ ಬೀಳುವ ಹಾಲು ಎಷ್ಟೆಂದು ನೀವೇ ಅಳೆದು ನೋಡಿ. "ಕಾಫಿ ಆಯ್ತಲ್ಲ, ತಿಂಡಿ ಬೇಡ" ಅಂತ ಹೊಲಕ್ಕೆ ಹೊರಟವರು ಬರಿ ಹೊಟ್ಟೆಯಲ್ಲೇ ಹೊರಟಂತೆ.

ಇನ್ನೊಂದು ಮಾತು ತಾಯಂದಿರು ಗಮನಿಸಬೇಕು. ಊಟದ ಜೊತೆ ಕಾಫಿ ಕುಡಿದರೆ ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಆದ್ದರಿಂದಲೇ ಊಟಕ್ಕೆ ಮುಂಚೆ ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ ಕಾಫಿ, ಚಹಾ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ತಿಳಿಸಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದೂ ಅದು ಹೇಳಿದೆ. 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಎಂದರೆ, ಗಟ್ಟಿ ಕಾಫಿಯಾದರೆ ಎರಡು ಲೋಟಕ್ಕೇ ನಿಲ್ಲಿಸಬೇಕು. ಬಸುರಿಯರು ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬಾರದು. ಚಿಕ್ಕ ಮಕ್ಕಳಿಗೆ ಹಾಲೇ ಸಾಕು.

ಈಗ ಅಂಗಡಿಗೆ ಹೋಗೋಣ. ನೀವು ತರುವ ಪುಡಿಯಲ್ಲಿ ಚಿಕೋರಿ ಬೆರೆತಿರಬಹುದು. ಇದು ಒಂದು ಗಿಡದ ಬೇರು. ಹುರಿದು ಪುಡಿ ಮಾಡುತ್ತಾರೆ. ವಿಷವಲ್ಲ, ಬಣ್ಣ ಕೊಡುತ್ತದೆ, ಆದರೆ ಬೆಲೆ ಕಡಿಮೆ. ಇಂಥ ಮಿಶ್ರಣದಲ್ಲಿ ನೂರಕ್ಕೆ 51 ಭಾಗವಾದರೂ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬುದು ಕಾನೂನು. ಓದಿ ನೋಡಿ, ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಚಿಕೋರಿಗೆ ಕಾಫಿಯ ಬೆಲೆ ಕೊಟ್ಟರೆ ನಿಮಗೂ ನಷ್ಟ, ಕಾಫಿ ಬೆಳೆದವನಿಗೂ ಲಾಭವಿಲ್ಲ.

ಆ ಬೆಳೆದವನು ಯಾರು? ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳದ್ದು. ಬೆಳೆಗಾರರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಸಣ್ಣ ಹಿಡುವಳಿಯವರು. ಹಿಂದೆ ಕಾಫಿ ಮಂಡಳಿಯೇ ಬೆಳೆಯನ್ನು ಒಟ್ಟುಗೂಡಿಸಿ ಮಾರುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ನಿಂತು, ಮಾರಾಟ ಬೆಳೆಗಾರನ ಕೈಗೇ ಬಂತು. ಬೆಲೆ ಏರಿದರೂ ಇಳಿದರೂ ಅವನೇ ತಡೆದುಕೊಳ್ಳಬೇಕು.

ಅವನ ಹಿಂದೆ ಹಣ್ಣು ಕೊಯ್ಯುವವರಿದ್ದಾರೆ. ಸುಮಾರು 5-6 ಕಿಲೋ ಹಣ್ಣಾದರೆ ಒಂದು ಕಿಲೋ ಬೀಜ. ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಒಂದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಕಾಯನ್ನೂ ಸೇರಿಸಿ ಉದುರಿಸಿದರೆ ಕೆಲಸ ಬೇಗ ಮುಗಿದೀತು, ರುಚಿ ಕೆಟ್ಟೀತು. ಒಳ್ಳೆಯ ಕಾಫಿ ಬೇಕೆಂದರೆ ಒಳ್ಳೆಯ ಕೂಲಿಯನ್ನೂ ಕೊಡಲೇಬೇಕು.

ಕೊಳ್ಳುವವರು ಏನು ಮಾಡಬಹುದು? ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇದು ಕಾಫಿ ಬೆಳೆದ ಸ್ಥಳವನ್ನು ಹೇಳುತ್ತದೆ, ಕೂಲಿಯ ವಿಷಯ ಹೇಳುವುದಿಲ್ಲ. ಫೇರ್‌ಟ್ರೇಡ್ ಮುದ್ರೆ ಇದ್ದರೆ, ಸಣ್ಣ ಬೆಳೆಗಾರರ ಸಂಘಕ್ಕೆ ಕನಿಷ್ಠ ಬೆಲೆಯ ಭದ್ರತೆ ಉಂಟು. ಮುದ್ರೆ ಇಲ್ಲದ ಕಡೆ, ಬೀಜ ಯಾರದು, ಬೆಳೆಗಾರರ ಸಹಕಾರ ಸಂಘದ್ದೇ ಎಂದು ಪುಡಿ ಅಂಗಡಿಯವರನ್ನು ಕೇಳಿ. ಹತ್ತು ಜನ ಕೇಳಿದರೆ ಅವರೂ ವಿಚಾರಿಸಿಡುತ್ತಾರೆ.

ನಿಮ್ಮೂರಿನಿಂದ ಕೊಯ್ಲಿಗೆ ಘಟ್ಟಕ್ಕೆ ಹೋಗುವವರಿಗೂ ಒಂದು ಮಾತು. ಕಿಲೋ ಲೆಕ್ಕದ ಕೂಲಿಯಾದರೆ ತೂಕ ನಿಮ್ಮ ಕಣ್ಣೆದುರೇ ಆಗಲಿ. ದಿನದಿನದ ತೂಕವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆಸಿಟ್ಟುಕೊಳ್ಳಿ. ಬಟವಾಡೆಯ ದಿನ ಅದು ನಿಮ್ಮ ಕೈಯಲ್ಲಿರಲಿ.