ಸಾಲಿಗಳ್ಳರ ಹಲ್ಲುನೋವಿಗೆ ಐಸ್‌ಕ್ರೀಮಿನ ಮದ್ದು

ಸಾಲಿ ತಪ್ಪಿಸುವ ಹುಡುಗರಿಗೆ ಬರುವ ರೋಗಗಳೇ ಬೇರೆ. ಗೋಕಾಕದಲ್ಲಿ ಹೊಟ್ಟಿನೋವು, ಮೂಡಲಗಿಯಲ್ಲಿ ತಲಿನೋವು, ಹುಕ್ಕೇರಿಯಲ್ಲಿ ಕಾಲು ಉಳುಕು. ಸಾಲಿ ಗಂಟೆ ಹೊಡೆದು ಅರ್ಧ ತಾಸಿಗೆ ಎಲ್ಲವೂ ಗುಣ! ಆಮೇಲೆ ಹುಡುಗ ಸಿಗುವುದು ಫಾಲ್ಸಿನ ಬಸ್ಸಿನಲ್ಲೋ, ಗೋಲಿ ಆಡುವ ಓಣಿಯಲ್ಲೋ.

ಈ ರೋಗದ ಮೇಲೆ ಅಮೆರಿಕದವರು 1936ರಲ್ಲೇ ಸಿನಿಮಾ ತೆಗೆದಿದ್ದಾರೆ. ಹೆಸರು ‘ಬೋರ್ಡ್ ಆಫ್ ಎಜುಕೇಶನ್’. ಹಾಲ್ ರೋಚ್ ಕಂಪನಿಯ ‘ಅವರ್ ಗ್ಯಾಂಗ್’ ಮಾಲಿಕೆಯ, ಹತ್ತೇ ನಿಮಿಷದ ನಗೆಚಿತ್ರ. ಸ್ಪ್ಯಾಂಕಿ, ಆಲ್ಫಾಲ್ಫಾ ಎಂಬ ಜೋಡಿ ಸಾಲಿಯ ಮೊದಲ ದಿನವೇ ಹಲ್ಲುನೋವಿನ ಸೋಗು ಹಾಕುತ್ತದೆ. ದವಡೆ ಬಾತಂತೆ ಕಾಣಬೇಕಲ್ಲ, ಬಾಯೊಳಗೆ ಬಲೂನು! ಹೊಸ ಟೀಚರಮ್ಮ ಈ ಒಳಸಂಚನ್ನು ಮೊದಲೇ ಕೇಳಿಸಿಕೊಂಡಿದ್ದಾಳೆ. ಬೈಯಲಿಲ್ಲ, ಛಡಿ ಎತ್ತಲಿಲ್ಲ. ಕ್ಲಾಸಿಗೆಲ್ಲ ಐಸ್‌ಕ್ರೀಮ್ ತರಿಸಿದಳು. ನೋವಿನವರು ತಿರುಗಿ ಒಳಗೆ ಬರಲು ಪಡುವ ಪಾಡೇ ಸಿನಿಮಾ. ಆ ವರ್ಷದ ಕಿರುಚಿತ್ರದ ಆಸ್ಕರ್ ಇದಕ್ಕೇ ಬಂತು.

ನಮ್ಮಲ್ಲಿ ಇಂಥ ಹುಡುಗನೆಂದರೆ ಆರ್.ಕೆ. ನಾರಾಯಣರ ಸ್ವಾಮಿ. 1980ರ ದಶಕದಲ್ಲಿ ಶಂಕರನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗ ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡ ತಂದೆಯಾದರು. ನಾರಾಯಣರ ಒಂದು ಕತೆಯಲ್ಲಿ ಸ್ವಾಮಿ ತಲೆನೋವೆನ್ನುತ್ತಾನೆ, ಮೇಷ್ಟ್ರು ಭಾಳ ಹೊಡೀತಾರೆ ಎಂದೂ ಸೇರಿಸುತ್ತಾನೆ. ತಂದೆ ಹೆಡ್‌ಮಾಸ್ತರರಿಗೆ ದೂರಿನ ಪತ್ರ ಬರೆದು ಕೈಗೆ ಕೊಟ್ಟರು! ಪಾಪ, ಸುಳ್ಳನ್ನು ನಿಜ ಮಾಡಲು ಹುಡುಗ ಮೇಷ್ಟ್ರನ್ನು ಕೆಣಕಬೇಕಾಯಿತು.

ಛಡಿಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಕಿತ್ತುಕೊಂಡಿದೆ. ಟೀಚರಮ್ಮನ ಐಸ್‌ಕ್ರೀಮಿನ ಉಪಾಯ ಸರಕಾರಕ್ಕೂ ಹೊಳೆದಿತ್ತು ಅನ್ನಿ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ಇತ್ತಲೂ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. ಬಿಸಿಯೂಟದ ವಾಸನೆ ಬಂದರೆ ಎಷ್ಟೋ ಹೊಟ್ಟಿನೋವು ನಿಂತುಹೋಗುತ್ತದೆ.

ಆದರೆ ಸೋಗು ಹಾಕಲು, ಅದನ್ನು ನಂಬುವ ಅವ್ವ ಮನೆಯಲ್ಲಿರಬೇಕು. ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಜೋಡಿ ಮಕ್ಕಳೂ ಬರುತ್ತಾರೆ. ನಸುಕಿನಲ್ಲೇ ಅವ್ವ ಕುಡಗೋಲು ಹಿಡಿದು ಹೊಲಕ್ಕೆ ಹೋದರೆ, ಗುಡಿಸಲ ಮುಂದೆ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತ ಹುಡುಗಿಗೆ ಯಾವ ನೋವಿನ ನೆಪವೂ ಬೇಕಿಲ್ಲ. ಆಕೆಯ ಊರಿನ ಸಾಲಿಯಲ್ಲಿ ಮಾಸ್ತರರು ಹಾಜರಿ ಕೂಗುತ್ತಿರುತ್ತಾರೆ. ಇಲ್ಲಿ ಕಬ್ಬಿನ ಟ್ರ್ಯಾಕ್ಟರು ಫ್ಯಾಕ್ಟರಿ ಕಡೆ ಹೊರಟಿರುತ್ತದೆ.