ಇಳಿಸಿದ ಮೈಭಾರ ಮತ್ತೆ ಏರದಂತೆ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ಸದಸ್ಯ ಬಾಂಧವರಿಗೆಲ್ಲ ನೆನಪಿರಬೇಕು. 1933ರಲ್ಲಿ ಒಮ್ಮೆ ತುಂಬಿ ಹರಿದ ಮೇಲೆ 89 ವರ್ಷ ಆ ಕೋಡಿ ನೀರು ಕಂಡಿರಲಿಲ್ಲ. ನಮ್ಮ ತಂದೆಯವರು ಮಾರಿಕಣಿವೆ ಕೋಡಿಯ ಸುದ್ದಿ ಕೇಳಿದ್ದರೇ ಹೊರತು ಕಣ್ಣಿಂದ ನೋಡಿದವರಲ್ಲ. ಹಾಗಾಗಿ ಜಾತ್ರೆಗೆ ಹೊರಟಂತೆ ಜನ ಹೊರಟರು. ನಾವು ನಾಲ್ವರೂ ಒಂದೇ ಕಾರಿನಲ್ಲಿ ಹೋದೆವು. ಒಬ್ಬರು ಚಿತ್ರದುರ್ಗದವರು, ಒಬ್ಬರು ಹಿರಿಯೂರಿನವರು, ಒಬ್ಬರು ಹೊಸದುರ್ಗದವರು, ಮತ್ತೊಬ್ಬರು ಹೊಳಲ್ಕೆರೆಯವರು. ಎಲ್ಲರೂ ಈ ಸಂಘದ ಹಳೆಯ ಸದಸ್ಯರೇ. ಹೆಸರು ಹಾಕುವುದು ಬೇಡವೆಂದು ತೀರ್ಮಾನಿಸಿ, ಊರಿನ ಹೆಸರಿನಿಂದಲೇ ಕರೆದುಕೊಳ್ಳುತ್ತಿದ್ದೇವೆ.

ಜನಜಂಗುಳಿಯಿಂದಾಗಿ ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆಯಬೇಕಾಯಿತು. ಅರ್ಧ ದಾರಿಗೆ ಹಿರಿಯೂರಿನವರು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. "ನೀವು ಹೋಗಿ ನೋಡ್ಕಂಡ್ ಬರ್ರಪ್ಪ, ನನ್ ಕೈಲಾಗಲ್ಲ" ಎಂದರು. ಅವರ ತಾಲ್ಲೂಕಿನದೇ ಅಣೆಕಟ್ಟು. 89 ವರ್ಷಕ್ಕೆ ಬಂದ ನೀರು ಕಾಲು ಮೈಲಿ ಆಚೆ ಹರಿಯುತ್ತಿತ್ತು, ಅದನ್ನು ನೋಡದೆ ಅವರು ಮನೆಗೆ ಬಂದರು. ಮಿಕ್ಕ ಮೂವರದೂ ದೊಡ್ಡ ಸಾಧನೆಯೇನಲ್ಲ. ಏದುಸಿರು ಬಿಡುತ್ತ ಹೋಗಿ, ನೀರನ್ನು ದೂರದಿಂದ ನೋಡಿ, ಮಂಡಿ ಹಿಡಿದುಕೊಂಡು ವಾಪಸಾದೆವು. ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ವಿಜಯದಶಮಿ ಕಳೆದ ಮೇಲೆ ಅಡಿಕೆ ತಂದಾಗ, ಗೋದಾಮಿನ ಮೂಟೆ ತೂಗುವ ಯಂತ್ರದ ಮೇಲೆ ನಾಲ್ವರೂ ಒಬ್ಬೊಬ್ಬರಾಗಿ ನಿಂತೆವು. ಹಿರಿಯೂರಿನವರು 118 ಕಿಲೋ, ಹೊಳಲ್ಕೆರೆಯವರು 109, ಚಿತ್ರದುರ್ಗದವರು 104, ಹೊಸದುರ್ಗದವರು 96. ಒಟ್ಟು ನಾಲ್ಕು ಕ್ವಿಂಟಾಲ್ 27 ಕಿಲೋ. "ಯಜಮಾನ್ರೆ, ತೇವ ಎಷ್ಟು ಕಳೀಬೇಕು?" ಎಂದು ಹಮಾಲಿ ಕೇಳಿದಾಗ ಎಲ್ಲರೂ ನಕ್ಕೆವು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ಇಷ್ಟು ತೂಕ ಬಂದದ್ದು ಹೇಗೆ ಎಂದು ಆಮೇಲೆ ಕುಳಿತು ಯೋಚಿಸಿದೆವು. ನಮ್ಮ ಹಿರಿಯರು ಊಟ ಕಡಿಮೆ ಮಾಡುತ್ತಿದ್ದರೆಂದಲ್ಲ, ಅವರು ತಿಂದದ್ದನ್ನು ತೋಟ ಕರಗಿಸುತ್ತಿತ್ತು. ಮಡಿ ಕಟ್ಟಿ ನೀರು ಹಾಯಿಸುವುದು, ಗೊಬ್ಬರ ಹೊರುವುದು, ರಾತ್ರಿಯೆಲ್ಲ ಅಡಿಕೆ ಬೇಯಿಸುವುದು. ಈಗ ನೀರು ಹನಿ ಪೈಪಿನಲ್ಲಿ ತಾನೇ ಹೋಗುತ್ತದೆ, ಸುಲಿಯಲು ಯಂತ್ರ ಬಂದಿದೆ, ತೋಟವನ್ನು ಖೇಣಿಗೆ ಕೊಟ್ಟರೆ ಕೊಯ್ಲಿನ ಗೊಡವೆಯೂ ಇಲ್ಲ. ತೋಟಕ್ಕೆ ಬೈಕಿನಲ್ಲಿ ಹೋಗಿ, ಬದುವಿನ ಮೇಲೆ ನಿಂತು ಕೈ ತೋರಿಸಿ ಬರುತ್ತೇವೆ. ದುಡಿಮೆ ಇಳಿಯಿತು, ತಟ್ಟೆ ಮಾತ್ರ ಅಪ್ಪನ ಕಾಲದ್ದೇ ಉಳಿಯಿತು.

ಮೊದಲು ವೈದ್ಯರಲ್ಲಿಗೆ ಹೋದದ್ದು ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಜೊತೆಗೆ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಅಪಾಯವೆಂದು ಲೆಕ್ಕವಂತೆ. ತಿಂಗಳಿಗೆ ಎರಡರಿಂದ ನಾಲ್ಕು ಕಿಲೋ ಇಳಿದರೆ ಸಾಕು, ಅದಕ್ಕಿಂತ ಅವಸರ ಬೇಡ ಎಂದರು. ಹೆಚ್ಚು ಉರಿ ಹಾಕಿ ಅಡಿಕೆ ಒಣಗಿಸಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.

ಊಟದ ಲೆಕ್ಕವನ್ನು ಕಾಫಿಯಿಂದ ಶುರುಮಾಡಿದೆವು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕಾಫಿ ಬೆಳೆಯುವವರು ಅಪರೂಪ, ಕುಡಿಯುವವರಿಗೆ ಬರವಿಲ್ಲ. ಮನೆ, ಮಂಡಿ, ಬಸ್‌ಸ್ಟ್ಯಾಂಡ್ ಸೇರಿ ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಮಿನಂತೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ, ವರ್ಷಕ್ಕೆ 18 ಕಿಲೋ ಸಕ್ಕರೆ ಒಬ್ಬನ ಹೊಟ್ಟೆಗೆ. ಅದರಿಂದ ದಿನಕ್ಕೆ 200 ಕ್ಯಾಲೊರಿ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಹಾಗಾದರೆ ಕಾಗದದ ಮೇಲೆ ಸಕ್ಕರೆಯೊಂದರದೇ ವರ್ಷಕ್ಕೆ ಒಂಬತ್ತು ಕಿಲೋ ಆಯಿತು. ದೇಹ ಇಷ್ಟು ನೇರ ಲೆಕ್ಕದಲ್ಲಿ ನಡೆಯುವುದಿಲ್ಲ, ಆದರೂ ಎಲ್ಲಿ ಸೋರುತ್ತಿದೆ ಎಂಬುದು ಗೊತ್ತಾಯಿತು. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರು ಕೋಪಿಸಿಕೊಳ್ಳಬಾರದು, ನಾವು ಬಿಟ್ಟದ್ದು ಸಕ್ಕರೆಯನ್ನು, ಕಾಫಿಯನ್ನಲ್ಲ. ಹದಿನೈದು ದಿನ ಬಾಯಿ ಕಹಿಯಾಗಿತ್ತು. ಆಮೇಲೆ ಕಾಫಿಯ ರುಚಿ ಏನೆಂದು ಮೊದಲ ಬಾರಿ ತಿಳಿಯಿತು.

ಮುದ್ದೆಯ ವಿಷಯದಲ್ಲಿ ನಾವು ಮೋಸಹೋಗಿದ್ದೆವು. ಅನ್ನ ಬಿಟ್ಟು ರಾಗಿ, ನವಣೆ, ಸಾಮೆ ತಿಂದರೆ ತಾನಾಗಿ ಸಣ್ಣಗಾಗುತ್ತೇವೆಂಬ ಮಾತು ಎಲ್ಲೆಲ್ಲೂ ಇದೆ. ನೂರು ಗ್ರಾಂ ಅಕ್ಕಿಯಲ್ಲಿ 350 ಕ್ಯಾಲೊರಿಯ ಆಸುಪಾಸು ಇದ್ದರೆ ರಾಗಿಯಲ್ಲಿ 320ರ ಆಸುಪಾಸು ಇದೆ. ವ್ಯತ್ಯಾಸ ಅಷ್ಟೇ. ರಾಗಿಯಲ್ಲಿ ನಾರು ಅಕ್ಕಿಯ ಮೂರು ನಾಲ್ಕು ಪಟ್ಟು, ಹೊಟ್ಟೆ ಬೇಗ ಹಸಿಯುವುದಿಲ್ಲ, ಅದು ನಿಜ. ಆದರೆ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ, ಮೇಲೆ ಒಂದು ತಟ್ಟೆ ಅನ್ನ ಉಂಡು, "ನಾನು ಸಿರಿಧಾನ್ಯದವನು" ಎಂದರೆ ತೂಕದ ಯಂತ್ರ ಒಪ್ಪುವುದಿಲ್ಲ. ಮುದ್ದೆ ಒಂದಕ್ಕೆ ಇಳಿಯಿತು, ಗಾತ್ರ ಮುಷ್ಟಿಗೆ ಇಳಿಯಿತು. ಹುರುಳಿ, ಅವರೆ, ಸೊಪ್ಪು, ಮಜ್ಜಿಗೆ ಹೆಚ್ಚಿದವು. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ವಾರಕ್ಕೊಂದು ದಿನ. ಪೂರ್ತಿ ಬಿಡಿ ಎಂದಿದ್ದರೆ ನಮ್ಮಲ್ಲಿ ಒಬ್ಬರೂ ನಿಲ್ಲುತ್ತಿರಲಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಯಾರೂ ಹಾರಿಸಿ ಓದಬಾರದು. ಹೊಸದುರ್ಗದವರು ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮಾತ್ರೆ ನುಂಗುವವರು. ಉತ್ಸಾಹದಲ್ಲಿ ವೈದ್ಯರಿಗೆ ಹೇಳದೆ ರಾತ್ರಿಯ ಊಟವನ್ನೇ ಬಿಟ್ಟರು, ಬೆಳಿಗ್ಗೆ ಮಾತ್ರೆ ಮಾತ್ರ ಎಂದಿನಂತೆ ನುಂಗಿದರು. ಹನ್ನೊಂದು ಗಂಟೆಗೆ ಪಂಪುಮನೆಯ ಹತ್ತಿರ ಮೈ ಬೆವೆತು, ಕೈ ನಡುಗಿ, ಕಣ್ಣು ಮಂಜಾಗಿ ಕುಸಿದರು. ಕೆಲಸದ ಹೆಣ್ಣುಮಗಳು ಬುತ್ತಿಯಲ್ಲಿದ್ದ ಬೆಲ್ಲವನ್ನು ಬಾಯಿಗಿಟ್ಟಳು. ಅವಳು ಅಲ್ಲಿ ಇಲ್ಲದಿದ್ದರೆ ಈ ಲೇಖನದಲ್ಲಿ ನಾವು ಮೂವರೇ ಇರುತ್ತಿದ್ದೆವು. ಇನ್ಸುಲಿನ್ ಅಥವಾ ಇಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರಿಂದ ಔಷಧಿಯ ಅಳತೆಯನ್ನು ಸರಿಮಾಡಿಸಿಕೊಳ್ಳಲೇಬೇಕು. ಜೇಬಿನಲ್ಲಿ ಒಂದು ಚೂರು ಬೆಲ್ಲ ಇರಲಿ. ತೂಕ ಇಳಿದಂತೆ ಅವರ ಮಾತ್ರೆಯನ್ನು ವೈದ್ಯರೇ ಎರಡು ಬಾರಿ ಕಡಿಮೆ ಮಾಡಿದರು. ಸ್ಕಾಟ್ಲೆಂಡಿನಲ್ಲಿ ಮತ್ತು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದವರ ಪೈಕಿ 15 ಕಿಲೋಗೂ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86 ಮಂದಿಗೆ ಔಷಧಿಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಹೊಸದುರ್ಗದವರದು ಹಳೆಯ ಕಾಯಿಲೆ, ಪೂರ್ತಿ ಬಿಟ್ಟುಹೋಗಲಿಲ್ಲ.

ಮೊದಲ ತಿಂಗಳು ನಾಲ್ವರಿಗೂ ನಾಲ್ಕೈದು ಕಿಲೋ ಇಳಿದು ಹಿಗ್ಗೋ ಹಿಗ್ಗು. ಅದರಲ್ಲಿ ಬಹುಪಾಲು ನೀರೆಂದು ಆಮೇಲೆ ತಿಳಿಯಿತು. ಹತ್ತು ದಿನದ ಶಿಬಿರಗಳಿಗೆ ಹೋಗಿ ಆರು ಕಿಲೋ ಇಳಿಸಿ ಬಂದವರು ತಿಂಗಳೊಳಗೆ ಮೊದಲಿನಂತಾಗುವುದಕ್ಕೆ ಇದೂ ಒಂದು ಕಾರಣ. ನಡಿಗೆಯನ್ನು ನಿಧಾನವಾಗಿ ಹೆಚ್ಚಿಸಿದೆವು. ಹಿರಿಯೂರಿನವರು ಮೊದಲ ದಿನ ನಡೆದದ್ದು ಮನೆಯಿಂದ ಕಣದವರೆಗೆ. ಚಿತ್ರದುರ್ಗದವರು ಜೋಗಿಮಟ್ಟಿ ರಸ್ತೆ ಹಿಡಿದರು. ಒಂದು ಕಿಲೋ ಮೈಭಾರ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಹೊರೆ ತಗ್ಗುತ್ತದೆಂದು ಸಂಶೋಧಕರು ಅಳೆದಿದ್ದಾರೆ. ಹತ್ತು ಕಿಲೋ ಇಳಿದಾಗ ಹಿರಿಯೂರಿನವರು ಅದನ್ನು ಪುಸ್ತಕ ನೋಡದೆಯೇ ಹೇಳಿದರು.

ಆರು ತಿಂಗಳಿಗೆ ಅವರು 118ರಿಂದ 102ಕ್ಕೆ ಬಂದರು. ಅಲ್ಲಿಗೆ ನಿಂತಿತು. ಎರಡು ತಿಂಗಳು ಅದೇ ಊಟ, ಅದೇ ನಡಿಗೆ, ಮುಳ್ಳು ಮಾತ್ರ ಅಲುಗಲಿಲ್ಲ. ಬಿಟ್ಟುಬಿಡುತ್ತೇನೆಂದು ಹೊರಟವರನ್ನು ತಡೆದದ್ದು ಅವರ ಮನೆಯವರು. ಪಂಚೆಗೆ ಕಟ್ಟುವ ಬೆಲ್ಟಿನಲ್ಲಿ ಎರಡು ಹೊಸ ತೂತು ಬಿದ್ದಿರುವುದನ್ನು ತೋರಿಸಿದರಂತೆ.

ಹಸಿವಿಗಿಂತ ಹೆಚ್ಚು ಕಾಡಿದ್ದು ಜನರ ಬಾಯಿ. ನಮ್ಮ ಕಡೆ ಮೈ ತುಂಬಿಕೊಂಡಿದ್ದರೆ ಮನೆ ಚೆನ್ನಾಗಿದೆ ಎಂದರ್ಥ. ಸಣ್ಣಗಾದರೆ ಕಾಯಿಲೆ, ಇಲ್ಲವೇ ಸಾಲ. "ಯಾಕ್ರೀ ಯಜಮಾನ್ರೆ, ಹಿಂಗ್ ಸೊರಗಿದೀರಿ? ಶುಗರ್ ಬಂತಾ? ಬೋರು ಕೈಕೊಡ್ತಾ?" ಮಂಡಿಯಲ್ಲಿ ಹತ್ತು ಜನ ಹೀಗೆ ಕೇಳಿದ ದಿನ, ಮನೆಗೆ ಬಂದು ಕನ್ನಡಿ ನೋಡಿಕೊಂಡು ನಾಲ್ಕು ಹೋಳಿಗೆ ತಿಂದವರು ನಮ್ಮಲ್ಲೇ ಇದ್ದಾರೆ. ಮದುವೆ ಮನೆಯಲ್ಲಂತೂ ಎಲೆಗೆ ಕೈ ಅಡ್ಡ ಹಿಡಿದರೆ ಅದು ಅವಮಾನ. ಕೊನೆಗೆ ಒಂದು ದಾರಿ ಕಂಡುಕೊಂಡೆವು. ಹೋಳಿಗೆ ಒಂದನ್ನು ಹಾಕಿಸಿಕೊಂಡು ಊಟ ಮುಗಿಯುವವರೆಗೆ ಅದನ್ನೇ ತಿನ್ನುವುದು. ಎಲೆ ಖಾಲಿಯಾದರೆ ತಾನೆ ಬಡಿಸುವವರು ಬರುವುದು.

ಹೊಳಲ್ಕೆರೆಯವರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. 2024ರ ಫೆಬ್ರವರಿಗೆ ಅವರು 109ರಿಂದ 91ಕ್ಕೆ ಇಳಿದಿದ್ದರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಆ ಬೇಸಗೆಯಲ್ಲಿ ಅವರ ಎರಡೂ ಬೋರು ಬತ್ತಿದವು. ಟ್ಯಾಂಕರಿನಲ್ಲಿ ನೀರು ತಂದು ಗಿಡ ಉಳಿಸಿಕೊಳ್ಳಬೇಕಾಯಿತು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ನಡಿಗೆಯಿಲ್ಲ, ಟ್ಯಾಂಕರಿನವನ ಜೊತೆ ರಸ್ತೆ ಬದಿಯಲ್ಲೇ ಬಜ್ಜಿ, ಕಾಫಿ. ನಾಚಿಕೆಯಿಂದ ತೂಕಕ್ಕೂ ಬರಲಿಲ್ಲ. ಆಗಸ್ಟಿನಲ್ಲಿ ಬಂದಾಗ 104. ನಾವು ಬೈಯಲಿಲ್ಲ. ಅವರಿಗೆ ಮನಸ್ಸಿನ ಗಟ್ಟಿತನ ಸಾಲದು ಎನ್ನುವುದು ಸುಲಭ, ಆದರೆ ಅದು ನಿಜವಲ್ಲ.

ಅಮೆರಿಕದ ಟೆಲಿವಿಷನ್ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸರಾಸರಿ 41 ಕಿಲೋ ವಾಪಸು ಬಂದಿತ್ತು. ಅವರ ದೇಹ ಸುಮ್ಮನಿರುವಾಗ ಸುಡುವ ಶಕ್ತಿ, ಆ ತೂಕಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು. ಇಳಿದ ದೇಹ ಬರಗಾಲ ಬಂತೆಂದು ತಿಳಿದು ಜಿಪುಣವಾಗುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದ ತೂಕ ಇಳಿಸುವ ಚುಚ್ಚುಮದ್ದುಗಳದೂ ಇದೇ ಕಥೆ. ಅಂಥ ಒಂದು ಔಷಧಿಯನ್ನು ನಿಲ್ಲಿಸಿದವರಲ್ಲಿ, ಇಳಿದದ್ದರ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಏರಿತ್ತು. ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಬೇಕು, ಔಷಧಿ ಅಂಗಡಿಯವರಲ್ಲ. ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆಯ ಯುವನಟಿಯೊಬ್ಬರು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ.

ಹಾಗಾದರೆ ಉಳಿಸಿಕೊಂಡವರು ಏನು ಮಾಡುತ್ತಾರೆ? ಅಮೆರಿಕದಲ್ಲಿ 1994ರಿಂದ ಅಂಥವರದೇ ಒಂದು ದಾಖಲೆ ಇಟ್ಟಿದ್ದಾರೆ. ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿಸಿ ವರ್ಷವಾದರೂ ಕಾಪಾಡಿಕೊಂಡವರಿಗೆ ಮಾತ್ರ ಅಲ್ಲಿ ಪ್ರವೇಶ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ದಂಡಿಸುತ್ತಾರೆ, ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಬೆಳಗಿನ ತಿಂಡಿ ತಪ್ಪಿಸುವುದಿಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ. ಪ್ರತಿದಿನ ಉತ್ಸಾಹ ಇರಬೇಕೆಂದು ಕಾಯುವುದನ್ನು ನಾವು ಬಿಟ್ಟೆವು. ಉತ್ಸಾಹ ಮಳೆಯ ಹಾಗೆ, ಬಂದರೆ ಬಂತು. ತಿಂಗಳ ಮೊದಲ ಸೋಮವಾರ ಮೂವರ ಮುಂದೆ ಯಂತ್ರದ ಮೇಲೆ ನಿಲ್ಲಬೇಕಲ್ಲ ಎಂಬ ದಾಕ್ಷಿಣ್ಯ ಬೋರಿನ ಹಾಗೆ, ಸಣ್ಣಗಾದರೂ ಬರುತ್ತಿರುತ್ತದೆ. ಎರಡು ಕಿಲೋ ಏರಿದರೆ ಆ ವಾರವೇ ಸರಿಮಾಡಿಕೊಳ್ಳುವುದೆಂದು ಗೊತ್ತುಮಾಡಿಕೊಂಡೆವು. ಹತ್ತು ಏರುವ ತನಕ ಕಾಯುವಂತಿಲ್ಲ. ಏರಿಸಿಕೊಂಡವರು ಉಳಿದವರಿಗೆ ಕಾಫಿ ಕೊಡಿಸಬೇಕು, ಸಕ್ಕರೆ ಇಲ್ಲದ್ದು. ಹೊಳಲ್ಕೆರೆಯವರ ವಿಷಯದಲ್ಲಿ ನಮ್ಮ ತಪ್ಪೂ ಇತ್ತು. ಅವರು ನಾಲ್ಕು ತಿಂಗಳು ಬರದಿದ್ದಾಗ ಅವರ ಮನೆಗೆ ನಾವು ಹೋಗಬೇಕಾಗಿತ್ತು.

ಹಿರಿಯೂರಿನವರನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಮೂರು ವರ್ಷದಿಂದ ಅವರು ತಮ್ಮ ಮೂರು ಎಕರೆ ತೋಟದ ಕೊನೆ ನೋಡಿರಲಿಲ್ಲ. ಖೇಣಿದಾರ ಮನೆಗೆ ಬಂದು ಫಸಲು ಇಷ್ಟು ಎನ್ನುತ್ತಿದ್ದ, ಇವರು ಹೂಂ ಎನ್ನುತ್ತಿದ್ದರು. 2023ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸಾಲು ಹಿಡಿದು ಕೊನೆಯವರೆಗೂ ನಡೆದರು. ಕೆಳಗಿನ ಮೂಲೆಯಲ್ಲಿ ನಲವತ್ತು ಗಿಡಕ್ಕೆ ಹಿಡಿಮುಂಡಿಗೆ ಬಂದು ಗರಿಗಳು ಮುದುಡಿಕೊಂಡಿದ್ದವು, ಬುಡದಲ್ಲಿ ನೀರು ನಿಂತಿತ್ತು. ಬಸಿಗಾಲುವೆ ತೆಗೆಸಿದರು. ಆ ವರ್ಷ ಖೇಣಿ ಮಾತಾಡುವಾಗ ಗೊನೆಯ ಲೆಕ್ಕ ಅವರ ಬಾಯಲ್ಲೇ ಇತ್ತು. ಈಗ ದಿನಾ ನಡೆಯುವುದು ರಸ್ತೆಯಲ್ಲಲ್ಲ, ತೋಟದೊಳಗೆ.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ 130 ಅಡಿ ತುಂಬಿ ಮತ್ತೆ ಕೋಡಿ ಬಿತ್ತು. ಅದೇ ಕಾರಿನಲ್ಲಿ ನಾಲ್ವರೂ ಹೋದೆವು. ಆ ದಿನಕ್ಕೆ ಹಿರಿಯೂರಿನವರು 84, ಚಿತ್ರದುರ್ಗದವರು 83, ಹೊಸದುರ್ಗದವರು 80, ಹೊಳಲ್ಕೆರೆಯವರು ಮತ್ತೆ ಇಳಿಯುತ್ತ 98. ಹಿರಿಯೂರಿನವರು ಯಾರಿಗೂ ಕಾಯದೆ ಮುಂದೆ ನಡೆದರು. ನಾವು ತಲುಪುವ ಹೊತ್ತಿಗೆ ಪಂಚೆ ಎತ್ತಿ ಕಟ್ಟಿ ನೀರಿನ ಪಕ್ಕ ನಿಂತಿದ್ದರು. ಹೊಳಲ್ಕೆರೆಯವರು ದಾರಿಯಲ್ಲಿ ಎರಡು ಸಲ ಕುಳಿತರು, ಜೊತೆಗೆ ನಾವೂ ಕುಳಿತೆವು.

ತೂಕ ಈಗಲೂ ತಿಂಗಳ ಮೊದಲ ಸೋಮವಾರ, ಗೋದಾಮು ತೆರೆದ ಕೂಡಲೇ. ಸದಸ್ಯರ ಮನೆಯ ಹೆಣ್ಣುಮಕ್ಕಳು ತಮಗೂ ಬೇಕೆಂದಿದ್ದಾರೆ, ಹಮಾಲಿಗಳ ಮುಂದೆ ಆಗದೆಂದು ಕಚೇರಿಯ ಒಳಕೋಣೆಯಲ್ಲಿ ಬೇರೆ ಯಂತ್ರ ಇಡಿಸಲು ಕಾರ್ಯದರ್ಶಿಯವರನ್ನು ಕೇಳಿದ್ದೇವೆ. ಬರುವವರು ಚಪ್ಪಲಿ ಬಿಟ್ಟು, ಜೇಬಿನಲ್ಲಿರುವ ಬೀಗದ ಕೈ, ಮೊಬೈಲು ತೆಗೆದಿಟ್ಟು ಯಂತ್ರ ಹತ್ತಬೇಕಾಗಿ ಕೋರಿಕೆ. ಬೆಲ್ಲದ ಚೂರು ಜೇಬಿನಲ್ಲೇ ಇರಲಿ.