ಯುದ್ಧವೃತ್ತಾಂತಗಳಲ್ಲಿ ಆಪ್ತವಾಕ್ಯದ ವಿಚಾರ

ಯುದ್ಧಚರಿತ್ರೆಗಳನ್ನೂ ಯೋಧರ ಸ್ವಾನುಭವಕಥನಗಳನ್ನೂ ಓದುವವರು, ರಣರಂಗದಲ್ಲಿ ಸ್ವತಃ ಇದ್ದವನ ಮಾತೇ ಪರಮಪ್ರಮಾಣವೆಂದು ಭಾವಿಸುವುದುಂಟು. ಆದರೆ ನ್ಯಾಯಶಾಸ್ತ್ರಕಾರರು ಆಪ್ತನಾದವನಿಗೆ ಎರಡು ಗುಣಗಳನ್ನು ವಿಧಿಸಿರುವರು: ವಸ್ತುವನ್ನು ಇದ್ದಂತೆ ಅರಿತಿರುವುದೊಂದು, ಅರಿತುದನ್ನು ಅರಿತಂತೆಯೇ ಹೇಳಬೇಕೆಂಬ ಇಚ್ಛೆ ಮತ್ತೊಂದು. ಯುದ್ಧಗ್ರಂಥಕರ್ತರಲ್ಲಿ ಇವೆರಡೂ ಕೂಡಿರುವುದು ವಿರಳ. ಶ್ರೀರಂಗಪಟ್ಟಣದ ಕಡೆಯ ಮುತ್ತಿಗೆಯ ಒಂದು ಪ್ರಸಂಗವು ಇದಕ್ಕೆ ನಿದರ್ಶನವಾಗಿದೆ.

ಕ್ರಿ. ಶ. ೧೭೯೯ನೆಯ ಏಪ್ರಿಲ್ ೫ರ ರಾತ್ರಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕನೆಂದು ಪ್ರಖ್ಯಾತನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಸುಲ್ತಾನ್‌ಪೇಟೆಯ ತೋಪಿನ ಮೇಲೆ ದಾಳಿಮಾಡಿ, ಕಾಲುವೆಗಳಿಂದ ತುಂಬಿದ ಆ ನೆಲದಲ್ಲಿ ಕತ್ತಲೆಯಿಂದ ದಿಕ್ಕುಗೆಟ್ಟು ಹಿಮ್ಮೆಟ್ಟಿದನು. ಮರುದಿನ ಹಗಲಿನಲ್ಲಿ ತೋಪು ಅವನ ಕೈವಶವಾಯಿತು. ಈ ಪ್ರಸಂಗವನ್ನು ಕುರಿತು ಮೂರು ಬಗೆಯ ಲೇಖಗಳುಂಟು.

ಮೊದಲನೆಯದು ಸೇನಾಧಿಪತಿ ಹ್ಯಾರಿಸನ ದಿನಚರಿ. ನಡುರಾತ್ರಿಯ ಸುಮಾರಿಗೆ ವೆಲ್ಲೆಸ್ಲಿಯು ಬಹಳ ಕಳವಳದಿಂದ ಡೇರೆಗೆ ಬಂದು ಕಾರ್ಯವು ಕೈಗೂಡಲಿಲ್ಲವೆಂದು ತಿಳಿಸಿದನೆಂದು ಅದರಲ್ಲಿದೆ. ಎರಡನೆಯದು ವೆಲ್ಲೆಸ್ಲಿಯು ತನ್ನ ಅಣ್ಣನೂ ಗವರ್ನರ್ ಜನರಲನೂ ಆಗಿದ್ದ ಮಾರ್ನಿಂಗ್ಟನ್ನನಿಗೆ ಬರೆದ ಪತ್ರ. ಹಗಲಿನಲ್ಲಿ ನೆಲವನ್ನು ಪರಿಶೋಧಿಸದೆ, ಸನ್ನದ್ಧನಾದ ಶತ್ರುವಿನ ಮೇಲೆ ಇನ್ನೆಂದಿಗೂ ರಾತ್ರಿ ದಾಳಿಗೆ ಎಡೆಗೊಡುವುದಿಲ್ಲವೆಂಬ ನಿಶ್ಚಯವು ಅದರಲ್ಲಿ ಕಾಣುತ್ತದೆ. ಮೂರನೆಯದು ೧೮೩೨ರಲ್ಲಿ ಥಿಯೊಡೋರ್ ಹುಕ್ಕನು ಪ್ರಕಟಿಸಿದ ಡೇವಿಡ್ ಬೇರ್ಡನ ಜೀವನಚರಿತ್ರೆ. ಮರುದಿನದ ದಾಳಿಯನ್ನು ಬೇರ್ಡನಿಗೆ ಒಪ್ಪಿಸಲು ಹ್ಯಾರಿಸನು ಮುಂದಾದಾಗ, ವೆಲ್ಲೆಸ್ಲಿಗೆ ಕಳಂಕವನ್ನು ತೊಡೆದುಕೊಳ್ಳುವ ಅವಕಾಶವಿರಲೆಂದು ಬೇರ್ಡನೇ ಬೇಡಿದನೆಂದು ಅದು ಹೇಳುತ್ತದೆ.

ಇವುಗಳಲ್ಲಿ ಹ್ಯಾರಿಸನು ತೋಪಿನೊಳಗೆ ಇರಲಿಲ್ಲ. ಆದರೆ ತನ್ನ ಡೇರೆಯಲ್ಲಿ ನಡೆದುದಕ್ಕೆ ತಾನೇ ಸಾಕ್ಷಿ. ವೆಲ್ಲೆಸ್ಲಿಯು ತೋಪಿನಲ್ಲಿದ್ದನು, ಆದರೆ ಅವನ ಪ್ರತ್ಯಕ್ಷವು ಕತ್ತಲೆಯ ಪ್ರತ್ಯಕ್ಷ. ಆದರೂ ತನಗೆ ಪ್ರತಿಕೂಲವಾದುದನ್ನು ತಾನೇ ಒಪ್ಪಿದ ಮಾತಿಗೆ ಬಲವು ಹೆಚ್ಚು. ಹುಕ್ಕನಾದರೋ ಕಾದಂಬರಿಕಾರ, ಘಟನೆಯಾಗಿ ೩೩ ವರ್ಷಗಳ ತರುವಾಯ ಬರೆದವನು. ಮೇ ೪ರಂದು ಕೋಟೆಗೆ ಲಗ್ಗೆಹತ್ತಿದ ಸೇನೆಯ ನಾಯಕನು ಬೇರ್ಡನಾದರೂ, ಪಟ್ಟಣದ ಅಧಿಕಾರವು ವೆಲ್ಲೆಸ್ಲಿಗೆ ದೊರೆಯಿತು. ಬೇರ್ಡನಿಗೆ ಅನ್ಯಾಯವಾಯಿತೆಂಬ ಅಭಿಪ್ರಾಯವು ಆ ಗ್ರಂಥದಲ್ಲಿ ಸ್ಪಷ್ಟವಾಗಿದೆ. ಇಷ್ಟರಿಂದಲೇ ಅದರ ಕಥೆಯು ಸುಳ್ಳೆನ್ನಲಾಗದು. ಅನ್ಯಸಾಕ್ಷ್ಯದ ಬೆಂಬಲವಿಲ್ಲದೆ ಸಿದ್ಧಾಂತವೆನ್ನಲೂ ಆಗದು.

ಮೂರು ಲೇಖಗಳಿಗೂ ಸಾಮಾನ್ಯವಾದ ನ್ಯೂನತೆಯೊಂದುಂಟು. ಆ ರಾತ್ರಿ ತೋಪನ್ನು ಕಾಯ್ದು ಅಗ್ನಿಬಾಣಗಳನ್ನು ಹಾರಿಸಿದ ಟಿಪ್ಪುವಿನ ಸೈನಿಕರ ಮಾತು ಇವುಗಳಲ್ಲಿಲ್ಲ. ಕಿರ್ಮಾನಿಯು ಪಾರಸಿಯಲ್ಲಿ ರಚಿಸಿ ೧೮೦೨ರಲ್ಲಿ ಮುಗಿಸಿದ ನಿಶಾನ್-ಎ-ಹೈದರಿಯು ಮೈಸೂರಿನ ಪಕ್ಷದ ಚರಿತ್ರೆಯಾದರೂ, ಅದು ಆಸ್ಥಾನವನ್ನು ಬಲ್ಲವನ ಕೃತಿಯೇ ಹೊರತು ಕಾಲಾಳಿನದಲ್ಲ.

ಆದುದರಿಂದ ಯುದ್ಧಗ್ರಂಥವನ್ನು ಪಾಠಹೇಳುವವರು ಕರ್ತೃವು ಎಲ್ಲಿ ನಿಂತು ಕಂಡನು, ಎಂದು ಬರೆದನು, ಯಾರಿಗೆ ಬರೆದನು, ಯಾರ ಮಾತನ್ನು ಬಿಟ್ಟನು ಎಂಬ ನಾಲ್ಕನ್ನು ಮೊದಲು ವಿಚಾರಿಸತಕ್ಕದ್ದು. ಶೌರ್ಯವರ್ಣನೆಯ ರಸಾಸ್ವಾದವು ಆಮೇಲಿನದು. ಹಾಗಲ್ಲದಿದ್ದರೆ ಗೆದ್ದವರ ಮಾತೇ ಚರಿತ್ರೆಯೆನಿಸಿ, ಸೋತವರ ಮೌನವು ಒಪ್ಪಿಗೆಯೆಂದು ಗಣಿತವಾಗುವುದು.